ಬ್ಲೂ ಸ್ಕ್ರೀನ್ ಬರ್ತಿದೆ ಅಂತ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಸಿಪಿಯು ತಗೊಂಡು ಹೋಗೋರು ಮೊದ್ಲು ಇದನ್ನ ಓದಿ

16 ಜಿಬಿ ರ್ಯಾಮ್ ಇದ್ದ ಸಿಸ್ಟಮ್ ರಿಪೇರಿಗೆ ಕೊಟ್ಟೆ, 8 ಜಿಬಿ ಆಗಿ ವಾಪಸ್ ಬಂತು, ಅದಕ್ಕೆ ಮೇಲೆ ನಾನೇ 4,500 ರೂಪಾಯಿ ಕೊಟ್ಟು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ವಿಷ್ಯ ಇಷ್ಟೇ. ಆದ್ರೂ ಪೂರ್ತಿ ಬರೀತೀನಿ, ಯಾಕಂದ್ರೆ ನಂಗೆ ಹೊಡೆದ ಡೈಲಾಗುಗಳನ್ನೇ ನಿಮ್ಗೂ ಹೊಡೀತಾರೆ.

ನಂದು ರಾಜಾಜಿನಗರದಲ್ಲಿ ಮನೇಲೇ ಡಿಟಿಪಿ ಕೆಲ್ಸ. ಮದುವೆ ಕಾರ್ಡು, ಕರಪತ್ರ, ಸಂಘದವರ ಸ್ಮರಣ ಸಂಚಿಕೆ ಇಂಥವು. ಮದುವೆ ಸೀಸನ್ ಶುರುವಾಗೋ ಟೈಮಿಗೆ ಸರಿಯಾಗಿ ಬ್ಲೂ ಸ್ಕ್ರೀನ್ ಶುರುವಾಯ್ತು, ಅಂದ್ರೆ ವಿಂಡೋಸ್ ಇದ್ದಕ್ಕಿದ್ದಂಗೆ ನಿಂತು ನೀಲಿ ಪರದೆ ಮೇಲೆ ಎರರ್ ಕೋಡ್ ತೋರಿಸೋದು. ಕೋರೆಲ್‌ನಲ್ಲಿ ಕೆಲ್ಸ ಮಾಡ್ತಿದ್ರೂ ಬರೋದು, ಸುಮ್ನೆ ಹಾಡು ಹಾಕ್ಕೊಂಡು ಕಾಫಿ ಕುಡೀತಿದ್ರೂ ಬರೋದು. ಒಂದ್ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಕೋಡ್, ಇನ್ನೊಂದ್ಸಲ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಮತ್ತೊಂದ್ಸಲ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. ಬಂದಾಗೆಲ್ಲ ಮೊಬೈಲಲ್ಲಿ ಫೋಟೋ ಹೊಡ್ಕೊಂಡಿದ್ದೆ.

ಅಂಗಡಿ ಹೆಸ್ರು ಹಾಕಲ್ಲ, ಕಂಪ್ಲೇಂಟ್ ನಡೀತಿದೆ. ಎಸ್.ಪಿ. ರೋಡಲ್ಲಿ ಒಂದು ಕಾಂಪ್ಲೆಕ್ಸ್, ಮೆಟ್ಲು ಹತ್ತಿ ಮೇಲೆ ಹೋಗ್ಬೇಕು, ಅಷ್ಟು ಸಾಕು. ಆ ರೋಡಲ್ಲಿ ಒಳ್ಳೆಯವರೂ ಇದಾರೆ, ವರ್ಷಗಟ್ಲೆ ಅಲ್ಲೇ ವ್ಯಾಪಾರ ಮಾಡಿದೀನಿ, ಅದಕ್ಕೇ ಹೊಟ್ಟೆ ಉರಿಯೋದು.

ಫೋಟೋ ತೋರಿಸಿದ್ರೆ ಅಂಗಡಿ ಹುಡುಗ ನೋಡ್ಲೇ ಇಲ್ಲ. "ಸಾರ್ ಅದೆಲ್ಲ ಬೇಡ, ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತೆ." ಪ್ರತಿ ಸಲ ಬೇರೆ ಬೇರೆ ಕೋಡ್ ಬರ್ತಿದೆಯಲ್ಲಪ್ಪಾ ಅಂದೆ. ಅದಕ್ಕೆ ಅವ್ನು, "ಸಾರ್, ನ್ಯೂಸಲ್ಲಿ ಬಂದಿತ್ತಲ್ಲ, ಏರ್‌ಪೋರ್ಟಲ್ಲೆಲ್ಲ ಬಂದಿತ್ತಲ್ಲ ಬ್ಲೂ ಸ್ಕ್ರೀನು, ಅದೇ ಅಪ್‌ಡೇಟು, ಎಲ್ಲಾರ್ಗೂ ಬರ್ತಿದೆ." ಅಲ್ಲಾ ಗುರು, ಅದು 2024ರ ಜುಲೈ 19ನೇ ತಾರೀಕಿನ ಕಥೆ, ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರ್ ಹಾಕಿಸಿದ್ದ ಕಂಪ್ನಿ ಮಷಿನ್‌ಗಳಿಗೆ ಬಂದಿದ್ದು, ಮೈಕ್ರೋಸಾಫ್ಟೇ 85 ಲಕ್ಷ ಮಷಿನ್ ಅಂದಾಜು ಹೇಳಿತ್ತು. ಮನೇಲಿ ಲಗ್ನಪತ್ರಿಕೆ ಮಾಡೋ ನನ್ ಸಿಸ್ಟಮ್ಮಿಗೂ ಅದಕ್ಕೂ ಏನ್ ಸಂಬಂಧ? ಕೇಳಿದೆ. ನಕ್ಕ. ಫಾರ್ಮ್ಯಾಟಿಗೆ 700 ತಗೊಂಡ.

ಫಾರ್ಮ್ಯಾಟ್ ಹೊಡೆದ್ರೆ ಇನ್ನೊಂದು ಅನಾಹುತ ಆಗುತ್ತೆ, ಅದನ್ನ ಯಾರೂ ಹೇಳಲ್ಲ. ಬ್ಲೂ ಸ್ಕ್ರೀನ್ ಬಂದಾಗೆಲ್ಲ ವಿಂಡೋಸ್ ಒಂದು ಸಣ್ಣ ಫೈಲ್ ಬರೆದಿಡುತ್ತೆ, ಸಿ ಡ್ರೈವಲ್ಲಿ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅಂತ ಇರುತ್ತೆ. ಯಾವಾಗ ಬಿತ್ತು, ಯಾವ ಕೋಡು, ಆಗ ಯಾವ ಡ್ರೈವರ್ ಓಡ್ತಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಮೊದ್ಲು ಅದನ್ನ ನೋಡ್ಬೇಕು, ಇವ್ರು ಮೊದ್ಲು ಅದನ್ನೇ ಅಳಿಸ್ತಾರೆ.

ಮನೆಗೆ ತಂದ ಮೇಲೂ ಬ್ಲೂ ಸ್ಕ್ರೀನ್ ಬಂತು, ಬರದೇ ಏನು. ಜೊತೆಗೆ ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಹೋಯ್ತು, ಫಾಂಟ್ ಎಲ್ಲ ಹೋಯ್ತು. ಹಳೇ ಕಾರ್ಡ್ ಫೈಲ್ ಓಪನ್ ಮಾಡಿದ್ರೆ "ಶ್ರೀ ವೆಂಕಟೇಶ್ವರ ಪ್ರಸನ್ನ" ಇರ್ಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು, ಏನೇನೋ. ಡಿಟಿಪಿಯವರಿಗೆ ಗೊತ್ತಿರುತ್ತೆ ಈ ಕರ್ಮ. ಆ ಕಡೆ ಮದುವೆ ಹುಡುಗನ ಅಪ್ಪ ಫೋನ್ ಮೇಲೆ ಫೋನು, "ಪ್ರೂಫ್ ಕಳಿಸ್ತೀನಿ ಅಂದಿದ್ರಲ್ಲ".

ಮತ್ತೆ ಸಿಪಿಯು ಆಟೋದಲ್ಲಿ ಹಾಕ್ಕೊಂಡು ಹೋದೆ. ಈ ಸಲ ಓನರ್ರೇ ಕೂತಿದ್ದ. ಸಿಸ್ಟಮ್ಮಲ್ಲಿ ಆಗಿದ್ದೆಲ್ಲ ದಾಖಲಾಗಿರೋ ಈವೆಂಟ್ ವ್ಯೂವರ್ ಓಪನ್ ಮಾಡಿ ಕರ್ನಲ್ ಪವರ್ 41 ಅಂತ ಒಂದು ಲೈನ್ ತೋರಿಸಿದ, ಪಕ್ಕದಲ್ಲಿ ಕೆಂಪಗೆ ಕ್ರಿಟಿಕಲ್ ಅಂತ. "ನೋಡಿ ಸಾರ್, ಕ್ರಿಟಿಕಲ್. ಎಸ್‌ಎಸ್‌ಡಿ ಹೋಗ್ತಾ ಇದೆ, ಇವತ್ತೋ ನಾಳೆನೋ, ಡೇಟಾ ಎಲ್ಲ ಹೋಗುತ್ತೆ ನಿಮ್ದು." ಡೇಟಾ ಅಂದ ತಕ್ಷಣ ಎದೆ ಧಸಕ್ ಅಂತು. ಆಮೇಲೆ ತಿಳ್ಕೊಂಡಿದ್ದು ಏನಂದ್ರೆ, 41 ಅಂದ್ರೆ ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗ್ದೇನೇ ರೀಸ್ಟಾರ್ಟ್ ಆಯ್ತು ಅಂತ ಅಷ್ಟೇ. ಕರೆಂಟ್ ಹೋದ್ರೂ ಅದೇ ಬರುತ್ತೆ, ಪವರ್ ಬಟನ್ ಒತ್ತಿ ಹಿಡಿದ್ರೂ ಅದೇ ಬರುತ್ತೆ. ಎಸ್‌ಎಸ್‌ಡಿಗೂ ಅದಕ್ಕೂ ನೇರವಾಗಿ ಏನೂ ಇಲ್ಲ. ಸತ್ತಿದಾನೆ ಅಂತ ಇರೋ ಸರ್ಟಿಫಿಕೇಟ್ ತೋರಿಸಿ ಕೊಲೆ ಮಾಡಿದೋನು ಇವ್ನೇ ಅಂದಂಗೆ. ಹೊಸ ಎಸ್‌ಎಸ್‌ಡಿಗೆ 3,800. ಬಿಲ್ ಕೇಳಿದ್ರೆ "ಜಿಎಸ್‌ಟಿ ಬಿಲ್ ಆದ್ರೆ ಎಕ್ಸ್ಟ್ರಾ ಆಗುತ್ತೆ ಸಾರ್" ಅಂತ ಎಸ್ಟಿಮೇಟ್ ಚೀಟಿ ಕೊಟ್ಟ. ಇದು ನಿಮ್ಗೆಲ್ಲ ಗೊತ್ತಿರೋದೇ.

ಈ ಸಲ ಮನೆಗೆ ತಂದ್ಮೇಲೆ ಬ್ಲೂ ಸ್ಕ್ರೀನ್ ಬರ್ಲಿಲ್ಲ! ನಿಜವಾಗ್ಲೂ ಬರ್ಲಿಲ್ಲ. ಕೋರೆಲ್ ಮಾತ್ರ ಸ್ವಲ್ಪ ತೆವಳ್ತಿತ್ತು. ದೊಡ್ಡ ಫೈಲ್ ಇರ್ಬೇಕು ಬಿಡು, ಅಂತೂ ಕಾಟ ತಪ್ಪಿತಲ್ಲ ಅಂತ ಖುಷಿ. ಪಕ್ಕದ್ಮನೆಯವರಿಗೆ ಆ ಅಂಗಡಿ ಅಡ್ರೆಸ್ ಕೂಡ ಕೊಟ್ಟಿದ್ದೆ, ಈಗ ನೆನೆಸ್ಕೊಂಡ್ರೆ ಮುಖ ಎಲ್ಲಿಟ್ಕೊಳೋದು ಗೊತ್ತಾಗಲ್ಲ.

ಭಾನುವಾರ ಅಕ್ಕನ ಮಗ ಬಂದಿದ್ದ, ಇಂಜಿನಿಯರಿಂಗ್ ಓದ್ತಿದಾನೆ. ಯಾಕೆ ಇಷ್ಟು ಸ್ಲೋ ಅಂತ ಟಾಸ್ಕ್ ಮ್ಯಾನೇಜರ್ ಓಪನ್ ಮಾಡ್ದ. ಪರ್ಫಾರ್ಮೆನ್ಸಲ್ಲಿ ಮೆಮೊರಿ ಒತ್ತಿ ಸ್ವಲ್ಪ ಹೊತ್ತು ಸುಮ್ನಿದ್ದ. "ಮಾವಾ, ನಿಮ್ದು 16 ಅಲ್ವಾ?" ಹೌದಪ್ಪ. "ಇಲ್ಲಿ 8.0 ಅಂತಿದೆ." ಕೆಳಗೆ ಸ್ಲಾಟ್ಸ್ ಯೂಸ್ಡ್ ಅಂತ ಇರುತ್ತಲ್ಲ, ಅಲ್ಲಿ 1 ಆಫ್ 2. ಕ್ಯಾಬಿನೆಟ್ ಬಿಚ್ಚಿದ್ವಿ. ಎರಡು ರ್ಯಾಮ್ ಇರ್ಬೇಕಾದ ಕಡೆ ಒಂದೇ ಇದೆ. ಪಕ್ಕದ ಸ್ಲಾಟು ಖಾಲಿ, ಕ್ಲಿಪ್ ಕೂಡ ಮುಚ್ಚಿಲ್ಲ, ಬಾಯಿ ತೆಕ್ಕೊಂಡೇ ಇದೆ. ರ್ಯಾಮ್ ಕೂತಿದ್ದ ಜಾಗದಲ್ಲಿ ಧೂಳು ಕೂರದೆ ಒಂದು ಉದ್ದನೆ ಗೆರೆ ಕ್ಲೀನಾಗಿತ್ತು. ಅದನ್ನ ನೋಡ್ದಾಗ ಕೋಪಕ್ಕಿಂತ ಮೊದ್ಲು ಬಂದಿದ್ದು ನಾಚಿಕೆ. ಅಕ್ಕನ ಮಗನ ಮುಂದೆ.

ಸೋಮವಾರ ಅಂಗಡಿ ತೆಗೆಯೋ ಹೊತ್ತಿಗೇ ಫೋನ್ ಮಾಡ್ದೆ. ಈ ಉತ್ತರಗಳನ್ನ ಅವ್ರು ಹೇಳಿದ ಆರ್ಡರಲ್ಲೇ ಹಾಕ್ತೀನಿ.

ಮೊದ್ಲು, "ಇಲ್ಲ ಸಾರ್, ನೀವು ತಂದಾಗ್ಲೇ ಒಂದೇ ಇತ್ತು."

ಸಿಸ್ಟಮ್ ಅಸೆಂಬಲ್ ಮಾಡಿಸಿದಾಗಿನ ಬಿಲ್ ಇದೆ, ಎರಡೂ ರ್ಯಾಮಿನ ಸೀರಿಯಲ್ ನಂಬರ್ ಅದ್ರಲ್ಲೇ ಪ್ರಿಂಟ್ ಆಗಿದೆ ಅಂದೆ. ಆಗ, "ಹುಡುಗನ್ನ ಕೇಳ್ತೀನಿ ಸಾರ್, ಊಟಕ್ಕೆ ಹೋಗಿದಾನೆ." ಬೆಳಿಗ್ಗೆ ಹನ್ನೊಂದಕ್ಕೆ ಊಟ.

ಮತ್ತೆ ಮಾಡಿದ್ರೆ, "ಹಾಂ ಸಾರ್, ನಿಮ್ ಬೋರ್ಡಲ್ಲಿ ಆ ಸ್ಲಾಟು ಹೋಗಿದೆ, ಅದಕ್ಕೇ ತೆಗೆದಿದ್ದು. ಬೋರ್ಡ್ ಚೇಂಜ್ ಮಾಡ್ಬೇಕು, ಯೂಸ್ಡ್ ಬೋರ್ಡ್ ಇದೆ, 6,500ಕ್ಕೆ ಮಾಡ್ಕೊಡ್ತೀನಿ, ನೀವು ನಮ್ ರೆಗ್ಯುಲರ್ ಅಲ್ವಾ." ಅಲ್ರೀ, ಎಸ್‌ಎಸ್‌ಡಿ ಹೋಗಿದೆ ಅಂತ ಹಾಕಿದ್ರಲ್ಲ, ಈಗ ಬೋರ್ಡ್ ಅಂತೀರಾ? "ಎರಡೂ ಹೋಗಿತ್ತು ಸಾರ್." ಎರಡೂ ಹೋಗಿತ್ತಂತೆ!

ಸ್ಲಾಟ್ ಹೋಗಿದೆ ಅನ್ನೋದನ್ನ ಅವತ್ತು ರಾತ್ರಿನೇ ಚೆಕ್ ಮಾಡಿದ್ವಿ. ಇದ್ದ ಒಂದು ರ್ಯಾಮ್ ಕಿತ್ತು ಆ "ಹೋಗಿರೋ" ಸ್ಲಾಟಿಗೆ ಹಾಕಿದ್ವಿ, ಆರಾಮಾಗಿ ಆನ್ ಆಯ್ತು. ಮೆಮ್‌ಟೆಸ್ಟ್86 ಅಂತ ರ್ಯಾಮ್ ಚೆಕ್ ಮಾಡೋ ಫ್ರೀ ಟೂಲ್, ಪೆನ್‌ಡ್ರೈವಿಗೆ ಹಾಕಿ ಅದ್ರಿಂದಲೇ ಬೂಟ್ ಮಾಡ್ಬೇಕು. ರಾತ್ರಿಯೆಲ್ಲ ಓಡಿಸಿದ್ವಿ, ಬೆಳಿಗ್ಗೆ ನೋಡಿದ್ರೆ ಎರರ್ ಸೊನ್ನೆ. ಸ್ಲಾಟೂ ಸರಿ, ಈ ರ್ಯಾಮೂ ಸರಿ. ಹಳೇ ಎಸ್‌ಎಸ್‌ಡಿನ ಜಗಳ ಆಡಿ ವಾಪಸ್ ತಂದೆ, ಕಸ್ಟಮರ್‌ಗಳ ಫೈಲೆಲ್ಲ ಅದ್ರಲ್ಲೇ ಇದ್ವು. ಡಿಸ್ಕ್ ಸ್ಥಿತಿ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಾಕಿದ್ರೆ ಗುಡ್ ಅಂತ ತೋರಿಸ್ತು. ಹಾಗಾದ್ರೆ ಕೆಟ್ಟಿದ್ದು ಯಾವ್ದು? ಅವ್ರು ಕಿತ್ತಿಟ್ಕೊಂಡಿರೋ ಆ ಒಂದು ರ್ಯಾಮ್. ಅದನ್ನ ತೆಗೆದ್ಮೇಲೆ ತಾನೇ ಬ್ಲೂ ಸ್ಕ್ರೀನ್ ನಿಂತಿದ್ದು. ಅಂದ್ರೆ ಅವ್ರಿಗೆ ಗೊತ್ತಿತ್ತು. ಗೊತ್ತಿದ್ದೇ 3,800ರ ಎಸ್‌ಎಸ್‌ಡಿ ಹಾಕಿದ್ರು. ನನ್ ಫೋಟೋಗಳಲ್ಲಿ ಕೋಡ್ ಪ್ರತಿ ಸಲ ಬದ್ಲಾಗ್ತಿತ್ತಲ್ಲ, ರ್ಯಾಮ್ ಕೆಟ್ಟಾಗ ಹಾಗೇ ಆಗೋದು. ಕೆಟ್ಟ ಜಾಗಕ್ಕೆ ಆ ಕ್ಷಣ ಯಾವ ಪ್ರೋಗ್ರಾಮ್ ಬಂದು ಕೂರುತ್ತೋ ಅದ್ರ ಹೆಸ್ರಲ್ಲಿ ಬೀಳುತ್ತೆ.

ಕೆಟ್ಟಿರೋ ರ್ಯಾಮ್ ಇಟ್ಕೊಂಡು ಅವ್ರು ಏನ್ ಮಾಡ್ತಾರೆ ಅಂತ ನಂಗೂ ಅನ್ಸಿತ್ತು. ನಂದು ಲೈಫ್‌ಟೈಮ್ ವಾರಂಟಿ ಇರೋ ಬ್ರ್ಯಾಂಡು, ಕೆಟ್ಟಿದ್ದು ಕೊಟ್ರೆ ಕಂಪ್ನಿ ಬೇರೆ ಕೊಡುತ್ತೆ. ಎಐ ಡೇಟಾ ಸೆಂಟರ್‌ಗಳಿಂದಾಗಿ 2025ರ ಕೊನೆಯಿಂದ ರ್ಯಾಮ್ ರೇಟು ಎಲ್ಲಿಗೆ ಹೋಗಿದೆ ಅಂತ ಎಸ್.ಪಿ. ರೋಡಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಲೆಕ್ಕ ನೀವೇ ಹಾಕ್ಕೊಳ್ಳಿ.

ಮತ್ತೆ ಹೋಗಿ ಕೌಂಟರ್ ಮುಂದೆ ನಿಂತೆ. ಬೇರೆ ಕಸ್ಟಮರ್ ಇದ್ರು, ಜೋರಾಗೇ ಕೇಳ್ದೆ. ಡ್ರಾಯರಿಂದ ಒಂದು ರ್ಯಾಮ್ ತೆಗೆದು "ತಗೊಳ್ಳಿ ಸಾರ್ ನಿಮ್ದು, ಇದಕ್ಕೆ ಇಷ್ಟು ಗಲಾಟೆನಾ" ಅಂತ ಟೇಬಲ್ ಮೇಲೆ ಹಾಕ್ದ. ನಂದು ಮೇಲೆ ಕಪ್ಪು ಹೀಟ್‌ಸಿಂಕ್ ಅಂದ್ರೆ ಲೋಹದ ಕವಚ ಇರೋದು. ಇದು ಬರೀ ಹಸಿರು ಬೋರ್ಡು, ಮೇಲೆ ಅರ್ಧ ಕಿತ್ತಿರೋ ಸ್ಟಿಕ್ಕರ್, 4 ಜಿಬಿ. ಸೀರಿಯಲ್ ನಂಬರ್ ಬಿಡಿ, ಸೈಜೇ ಬೇರೆ! ಬಿಲ್ ತೋರಿಸಿದ್ರೆ, "ಆ ಬಿಲ್ ನಮ್ದಲ್ವಲ್ಲ ಸಾರ್." ಪಕ್ಕದಲ್ಲಿದ್ದ ಹುಡುಗ, ಅದೇ ಫೋಟೋ ನೋಡ್ದೇ ಇದ್ದೋನು, ಮೊಬೈಲ್ ನೋಡ್ಕೊಂಡು ನಗ್ತಿದ್ದ.

ಈಗ ನೀವು ಮಾಡ್ಬೇಕಾಗಿರೋದು. ರ್ಯಾಮ್ ಎರಡಿದ್ರೆ ಸಿಸ್ಟಮ್ ಆಫ್ ಮಾಡಿ, ಪ್ಲಗ್ ತೆಗೆದು, ಒಂದನ್ನ ಕಿತ್ತು ಸ್ವಲ್ಪ ದಿನ ಓಡ್ಸಿ, ಆಮೇಲೆ ಇನ್ನೊಂದು. ದುಡ್ಡು ಖರ್ಚಿಲ್ಲ. ಮೆಮ್‌ಟೆಸ್ಟ್ ಓಡ್ಸಿ. ಬಯಾಸಲ್ಲಿ (ವಿಂಡೋಸ್ ಶುರುವಾಗೋಕ್ಕೆ ಮುಂಚೆ ಬರೋ ಸೆಟ್ಟಿಂಗ್ಸ್) ರ್ಯಾಮ್ ಸ್ಪೀಡ್ ಹೆಚ್ಚಿಸೋ ಎಕ್ಸ್‌ಎಂಪಿ ಆನ್ ಇದ್ರೆ ಆಫ್ ಮಾಡಿ ನೋಡಿ. ಯಾರಾದ್ರೂ ಫಾರ್ಮ್ಯಾಟ್ ಅನ್ನೋಕ್ಕೆ ಮುಂಚೆ ಮಿನಿಡಂಪ್ ಫೋಲ್ಡರನ್ನ ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಳ್ಳಿ. ಅಂಗಡಿಗೆ ಕೊಡ್ಲೇಬೇಕು ಅಂದ್ರೆ ಕೌಂಟರ್ ಮೇಲೇ ಕ್ಯಾಬಿನೆಟ್ ಬಿಚ್ಚಿಸಿ, ರ್ಯಾಮ್ ಸ್ಟಿಕ್ಕರು, ಎಸ್‌ಎಸ್‌ಡಿ ಸ್ಟಿಕ್ಕರು ಅವ್ರ ಎದುರಿಗೇ ಫೋಟೋ ಹೊಡೀರಿ. ಅವ್ರು ಮುಖ ಸಿಂಡರಿಸಿದ್ರೆ ಸಿಪಿಯು ಎತ್ಕೊಂಡು ಕೆಳಗಿಳೀರಿ. ವಾಪಸ್ ತಗೊಳ್ಳೋವಾಗ ಆನ್ ಮಾಡಿಸಿ ಟಾಸ್ಕ್ ಮ್ಯಾನೇಜರ್ ನೋಡಿ.

ನಾನು 1915ಕ್ಕೆ, ಅಂದ್ರೆ ಗ್ರಾಹಕ ಸಹಾಯವಾಣಿಗೆ, ಕಂಪ್ಲೇಂಟ್ ಕೊಟ್ಟಿದೀನಿ. ಜಿಎಸ್‌ಟಿ ಬಿಲ್ ಇಲ್ಲ, ಆದ್ರೆ ಯುಪಿಐ ಪೇಮೆಂಟ್ ಇದೆ, ಎಸ್ಟಿಮೇಟ್ ಚೀಟಿ ಇದೆ, "ಸ್ಲಾಟ್ ಹೋಗಿದೆ" ಅಂತ ಅವ್ರೇ ವಾಟ್ಸಾಪಲ್ಲಿ ಕಳ್ಸಿದ ವಾಯ್ಸ್ ಮೆಸೇಜೂ ಇದೆ. ಅದ್ರಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗೆ ಫೀಸೇ ಇಲ್ಲ. ನಿನ್ನೆ ಓನರ್ ಮೆಸೇಜ್ ಹಾಕಿದಾನೆ, "ಸಾರ್ ಕಂಪ್ಲೇಂಟ್ ವಾಪಸ್ ತಗೊಳ್ಳಿ, ಬನ್ನಿ ಕೂತು ಮಾತಾಡೋಣ, 1,000 ಅಡ್ಜಸ್ಟ್ ಮಾಡ್ತೀನಿ." ಸೀರಿಯಲ್ ನಂಬರ್ ಟೈಪ್ ಮಾಡಿ ಕಳಿಸ್ದೆ, ಇದೇ ರ್ಯಾಮ್ ಬೇಕು ಅಂತ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.