ಹಳೆಯ ಮಿಲ್ಲಿಂಗ್ ಯಂತ್ರಕ್ಕೆ ಲಿನಕ್ಸ್‌ಸಿಎನ್‌ಸಿ ಕಂಟ್ರೋಲ್: ಬಳಕೆದಾರನ ವಿಮರ್ಶೆ

ಬೆಡ್, ಕಾಲಂಗಳೆಲ್ಲ ಗಟ್ಟಿಯಾಗಿದ್ದರೂ ಕಂಟ್ರೋಲ್ (ಯಂತ್ರವನ್ನು ನಡೆಸುವ ಕಂಪ್ಯೂಟರ್ ಭಾಗ) ಕೈಕೊಟ್ಟಿತೆಂಬ ಒಂದೇ ಕಾರಣಕ್ಕೆ ಟಾರ್ಪಾಲು ಹೊದ್ದು ನಿಂತ ವಿಎಂಸಿಗಳು, ಅಂದರೆ ಕಂಪ್ಯೂಟರ್ ಹಿಡಿತದ ಮಿಲ್ಲಿಂಗ್ ಯಂತ್ರಗಳು, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಅಪರೂಪವೇನಲ್ಲ. ನಮ್ಮ ಮೂರು ಆಕ್ಸಿಸ್ ಯಂತ್ರದಲ್ಲಿಯೂ ಆಕ್ಸಿಸ್‌ಗಳನ್ನು ಸರಿಸುವ ಡಿಸಿ ಸರ್ವೋ ಮೋಟರುಗಳು ಮತ್ತು ಅವನ್ನು ಓಡಿಸುವ ಡ್ರೈವ್‌ಗಳು ಚೆನ್ನಾಗಿಯೇ ಇದ್ದವು. ಬ್ಯಾಟರಿ ಸತ್ತು ಪ್ಯಾರಾಮೀಟರುಗಳು (ಯಂತ್ರದ ಸೆಟ್ಟಿಂಗ್‌ಗಳು) ಅಳಿಸಿಹೋಗಿದ್ದ ಕಂಟ್ರೋಲನ್ನು ಮಾತ್ರ ತೆಗೆದು, ಅದರ ಜಾಗದಲ್ಲಿ ಕಂಪ್ಯೂಟರಿನಿಂದ ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ತಂತ್ರಾಂಶವನ್ನೂ ಅದನ್ನು ಡ್ರೈವ್‌ಗಳಿಗೆ ಜೋಡಿಸುವ ಮೆಸಾ ಕಂಪನಿಯ 7ಐ77 ಕಾರ್ಡನ್ನೂ ಅಳವಡಿಸಿದೆವು.

ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯಾದ ನಿಸ್ಟ್‌ನಲ್ಲಿ ಹುಟ್ಟಿದ ಈ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಕಾರ್ಡ್ ಆರು ಆಕ್ಸಿಸ್‌ಗಳಿಗೆ ಪ್ಲಸ್-ಮೈನಸ್ 10 ವೋಲ್ಟ್ ಆದೇಶ ಕೊಡುತ್ತದೆ, ಸ್ಥಾನ ಅಳೆಯುವ ಆರು ಎನ್‌ಕೋಡರುಗಳನ್ನು ಓದುತ್ತದೆ, ಜೊತೆಗೆ 32 ಇನ್‌ಪುಟ್ ಮತ್ತು 16 ಔಟ್‌ಪುಟ್‌ಗಳನ್ನು ಒದಗಿಸುತ್ತದೆ. ಹಳೆಯ ಡ್ರೈವ್‌ಗಳು ಬಯಸುವುದು ಇದೇ 10 ವೋಲ್ಟಿನ ವೇಗದ ಸಂಕೇತವಾದ್ದರಿಂದ ಅವುಗಳನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು. ಹೀಗೆ ಹಳೆಯ ಯಂತ್ರಕ್ಕೆ ಹೊಸ ಕಂಟ್ರೋಲ್ ಕೂರಿಸುವ ರೆಟ್ರೋಫಿಟ್‌ನಲ್ಲಿ ಹೆಚ್ಚು ಹಣ ನುಂಗುವುದು ಮೋಟರು ಮತ್ತು ಡ್ರೈವ್‌ಗಳೇ ಹೊರತು ಪರದೆಯಲ್ಲ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಟ್ಯೂನಿಂಗ್, ಅಂದರೆ ಮೋಟರುಗಳು ಆದೇಶವನ್ನು ತಪ್ಪದೆ ಪಾಲಿಸುವಂತೆ ಹೊಂದಿಸುವ ಕೆಲಸ. ಹಾಲ್‌ಸ್ಕೋಪ್ ಎಂಬ ಕಿಟಕಿಯಲ್ಲಿ ಆದೇಶಿಸಿದ ವೇಗವನ್ನೂ ಫಾಲೋಯಿಂಗ್ ಎರರನ್ನೂ (ಆದೇಶಿಸಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಇರುವ ವ್ಯತ್ಯಾಸ) ಒಂದರ ಕೆಳಗೊಂದು ಗೆರೆಯಾಗಿ ನೋಡಬಹುದು. ವೇಗವನ್ನು ಟ್ಯಾಕೋ (ಮೋಟರಿನ ವೇಗ ಅಳೆಯುವ ಸಾಧನ) ಆಧಾರದ ಮೇಲೆ ಡ್ರೈವೇ ಹಿಡಿದಿಡುವುದರಿಂದ ಇಲ್ಲಿ ಎಫ್ಎಫ್1 ಎಂಬ ಸೆಟ್ಟಿಂಗೇ (ಆದೇಶಿಸಿದ ವೇಗಕ್ಕೆ ತಕ್ಕ ಸಂಕೇತವನ್ನು ಮೊದಲೇ ಕೊಡುವಂಥದ್ದು) ಹೆಚ್ಚಿನ ಕೆಲಸ ಮಾಡುತ್ತದೆ. ಅದನ್ನು ಸರಿಯಾಗಿ ಕೂರಿಸಿದರೆ ಒಂದೇ ವೇಗದಲ್ಲಿ ಚಲಿಸುವಾಗ ದೋಷದ ಗೆರೆ ಬಹುತೇಕ ಸೊನ್ನೆಗೆ ಇಳಿಯುತ್ತದೆ, ದಿಕ್ಕು ಬದಲಾಗುವ ಕ್ಷಣದಲ್ಲಿ ಮಾತ್ರ ಒಂದು ಮುಳ್ಳು ಎದ್ದು ನಿಲ್ಲುತ್ತದೆ. ಆ ಮುಳ್ಳು ಸ್ಲೈಡಿನ ಘರ್ಷಣೆಯದು, ತಂತ್ರಾಂಶದ್ದಲ್ಲ. ಟೇಬಲನ್ನು ಸರಿಸುವ ಬಾಲ್ ಸ್ಕ್ರೂ ಸವೆದು ಸಡಿಲಾಗಿದ್ದರಂತೂ ಬ್ಯಾಕ್‌ಲ್ಯಾಶ್ ಕಾಂಪನ್ಸೇಶನ್ (ಆ ಸಡಿಲನ್ನು ತಂತ್ರಾಂಶದಲ್ಲಿ ಸರಿದೂಗಿಸುವುದು) ಹಾಕಿ ಅಳತೆಯ ಡಯಲನ್ನು ಸಮಾಧಾನಪಡಿಸಬಹುದೇ ವಿನಾ, ಕಟಿಂಗ್ ಒತ್ತಡದಲ್ಲಿ ಟೇಬಲ್ ಆ ಸಡಿಲಿನಷ್ಟು ಜಗ್ಗುವುದನ್ನು ತಡೆಯಲಾಗದು. ಆದ್ದರಿಂದ ಕಾರ್ಡ್ ತರಿಸುವ ಮೊದಲೇ ಡಯಲ್ ಹಚ್ಚಿ ಸಡಿಲನ್ನು ನೋಡುವುದು ಒಳ್ಳೆಯದು.

ಕೊರತೆಯ ಮಾತಿಗೆ ಬಂದರೆ, ಟೂಲ್ ಚೇಂಜರ್ ಸಿದ್ಧರೂಪದಲ್ಲಿ ದೊರೆಯುವುದಿಲ್ಲ. ಟೂಲುಗಳನ್ನಿಟ್ಟ ಕರೋಸೆಲ್ ಎಷ್ಟು ಪಾಕೆಟ್ ತಿರುಗಿತು, ಏರ್ ಸಿಲಿಂಡರ್ ಪೂರ್ತಿ ಮುಂದೆ ಬಂದಿತೇ, ಸ್ಪಿಂಡಲಿನಲ್ಲಿ ಟೂಲನ್ನು ಹಿಡಿದಿಡುವ ಡ್ರಾಬಾರ್ ಅದನ್ನು ಬಿಟ್ಟಿತೇ ಎಂಬ ಪ್ರತಿಯೊಂದು ಸೆನ್ಸರನ್ನೂ ಸೇರಿಸಿಕೊಂಡು ಆ ತರ್ಕವನ್ನು ನಾವೇ ಬರೆಯಬೇಕು. ಸ್ಪಿಂಡಲ್ ತಿರುಗುತ್ತಿರುವಾಗ ಡ್ರಾಬಾರ್ ಸಡಿಲವಾಗದಂತೆ ತಡೆಯುವ ಇಂಟರ್‌ಲಾಕನ್ನೂ ನಾವೇ ಹಾಕಿಕೊಳ್ಳಬೇಕು. ಎಮರ್ಜೆನ್ಸಿ ಸ್ಟಾಪನ್ನು ತಂತ್ರಾಂಶದ ಕೈಗೆ ಒಪ್ಪಿಸಬಾರದು. ಗುಂಡಿ ಒತ್ತಿದೊಡನೆ ರಿಲೇ ಮೂಲಕವೇ ಡ್ರೈವ್‌ಗಳ ಶಕ್ತಿ ಕಡಿತವಾಗಬೇಕು. ಕೈಪಿಡಿ ವಿಸ್ತಾರವಾಗಿದೆ, ಆದರೆ ಬೇಕಾದ ಸಾಲು ಎಲ್ಲೋ ಅಡಗಿ ಕುಳಿತಿರುತ್ತದೆ. ಎನ್‌ಕೋಡರ್ ಕೇಬಲನ್ನು ಮೋಟರಿನ ಪವರ್ ಕೇಬಲಿನೊಂದಿಗೆ ಒಂದೇ ಡಕ್ಟಿನಲ್ಲಿ ಎಳೆಯದಿರುವಂಥ ಎಚ್ಚರಗಳನ್ನು ವೈರ್‌ಮ್ಯಾನ್‌ಗೆ ಪಕ್ಕದಲ್ಲಿ ನಿಂತೇ ಹೇಳಬೇಕಾಗುತ್ತದೆ.

ಆಪರೇಟರುಗಳು ಬೇಗನೆ ಒಗ್ಗಿಕೊಂಡರು, ಏಕೆಂದರೆ ಯಂತ್ರಕ್ಕೆ ಆದೇಶ ಬರೆಯುವ ಜಿ-ಕೋಡ್ ಬಹುಮಟ್ಟಿಗೆ ಅವರಿಗೆ ಪರಿಚಿತವಾದದ್ದೇ. ಡೈ ಕೆಲಸದ ಉದ್ದನೆಯ ಪ್ರೋಗ್ರಾಮುಗಳನ್ನು ಆರ್‌ಎಸ್-232 ಕೇಬಲಿನಲ್ಲಿ ಹನಿಹನಿಯಾಗಿ ಕಳುಹಿಸುವ ಪಾಡು ತಪ್ಪಿದೆ. ಸ್ಪಿಂಡಲಿಗೆ ಎನ್‌ಕೋಡರ್ ಕೂರಿಸಿದ ಮೇಲೆ ರಿಜಿಡ್ ಟ್ಯಾಪಿಂಗ್ (ಸ್ಪಿಂಡಲಿನ ಸುತ್ತಿಗೆ ಹೊಂದಿಸಿ ಥ್ರೆಡ್ ಹಾಕುವುದು) ಕೂಡ ನಡೆಯುತ್ತಿದೆ.

ಸೀಮೆನ್ಸ್ ಅಥವಾ ಫಾನುಕ್ ಕಂಟ್ರೋಲನ್ನು ಹೊಸ ಮೋಟರು, ಡ್ರೈವ್‌ಗಳ ಸಮೇತ ಹಾಕಿಸಿದರೆ ಖರ್ಚು ಬಹಳ ಏರುತ್ತದೆ, ಆದರೆ ಯಂತ್ರ ನಿಂತಾಗ ಕರೆಯಲು ಒಬ್ಬ ಸರ್ವಿಸ್ ಇಂಜಿನಿಯರ್ ಇರುತ್ತಾರೆ. ಮೂರು ಪಾಳಿಯಲ್ಲಿ ಒಂದೇ ಯಂತ್ರದ ಮೇಲೆ ಡೆಲಿವರಿ ನಿಂತಿರುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಎಲೆಕ್ಟ್ರಿಕಲ್ ಡ್ರಾಯಿಂಗ್ ಓದಬಲ್ಲವರು, ಕಾನ್ಫಿಗರೇಶನ್ ಫೈಲ್ ತೆರೆದು ತಿದ್ದಲು ಅಂಜದವರು ಒಬ್ಬರಾದರೂ ಶೆಡ್ಡಿನಲ್ಲೇ ಇದ್ದರೆ, ಲಿನಕ್ಸ್‌ಸಿಎನ್‌ಸಿಯನ್ನು ಧೈರ್ಯವಾಗಿ ಹಾಕಿಸಬಹುದು.