ಮೂರು ಬಾಹ್ಯಾಕಾಶ ಶೂಟರ್‌ಗಳು, ಒಂದು ಹಳೇ ಕೀಬೋರ್ಡ್

ಬಾಹ್ಯಾಕಾಶದಲ್ಲಿ ನೌಕೆ ಓಡಿಸುತ್ತಾ ಗುಂಡು ಹಾರಿಸುವ ಮೂರು ಕಂಪ್ಯೂಟರ್ ಆಟ ಆಡಿ ನೋಡಿದೆ: ಝೀರೋರೇಂಜರ್, ಜೇಮ್ಸ್‌ಟೌನ್, ನೋವಾ ಡ್ರಿಫ್ಟ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೋವಾ ಡ್ರಿಫ್ಟ್‌ಗೆ. ಝೀರೋರೇಂಜರ್ ಅದಕ್ಕಿಂತ ದೊಡ್ಡ ಆಟ ಅಂತ ಯಾರಾದರೂ ಅಂದರೆ ನಾನು ವಾದಕ್ಕೆ ಬರುವುದಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಆಷಾಢದ ಮಳೆ ಹಿಡಿದು ಕೂತಾಗ, ರಾತ್ರಿ ಊಟ ಮುಗಿಸಿ ಹಳೇ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಗಂಟೆ ಆಡುವವನಿಗೆ ನೋವಾ ಡ್ರಿಫ್ಟೇ ಸರಿ. ಒಂದು ಆಟಕ್ಕೆ 500 ರೂಪಾಯಿ ದಾಟಬಾರದು ಅನ್ನೋದು ನನ್ನ ಲೆಕ್ಕ, ಹಾಗಾಗಿ ಮೂರನ್ನೂ ಸೇಲ್ ಬರುವವರೆಗೆ ಕಾದು ತಗೊಂಡೆ.

ಮೊದಲು ತಗೊಂಡಿದ್ದು ಝೀರೋರೇಂಜರ್. 2018ರದ್ದು, ಫಿನ್‌ಲ್ಯಾಂಡಿನ ಇಬ್ಬರು ಸೇರಿ ಮಾಡಿದ್ದು. ಪರದೆ ತುಂಬ ಹಸಿರು ಮತ್ತು ಕಿತ್ತಳೆ ಬಣ್ಣವೇ, ಅಷ್ಟರಲ್ಲೇ ಎಷ್ಟು ಚಂದ ಮಾಡಿದ್ದಾರೆ! ಸೋತರೂ ಗಳಿಸಿದ ಅಂಕ ಸೇರುತ್ತಾ ಹೋಗಿ ಮುಂದೆ ಜಾಸ್ತಿ ಅವಕಾಶ ಸಿಗುತ್ತದೆ, ಆಡಿದ್ದು ಸುಮ್ನೆ ದಂಡವಾಗುವುದಿಲ್ಲ.

ಎರಡನೇ ದಿನವೇ ತೊಂದರೆ ಶುರುವಾಯಿತು. ಎಡಕ್ಕೆ ಓರೆಯಾಗಿ ಮೇಲೇರುತ್ತಾ ಗುಂಡು ಹಾರಿಸಿದರೆ ಗುಂಡೇ ಬರುವುದಿಲ್ಲ. ಬಲಕ್ಕೆ ಹೋದರೆ ಬರುತ್ತದೆ. ಎಡಮೂಲೆಯಲ್ಲಿ ವೈರಿ ಕಂಡಾಗಲೆಲ್ಲ ಸಾವು. ಆಟದ್ದೇ ದೋಷ ಅಂದುಕೊಂಡು ತೆಗೆದು ಮತ್ತೆ ಹಾಕಿದೆ, ನಮ್ಮೂರಿನ ನೆಟ್‌ನಲ್ಲಿ ಅದಕ್ಕೇ ಒಂದು ಸಂಜೆ ಹೋಯಿತು. ಕೊನೆಗೆ ನೋಡಿದರೆ ದೋಷ ಇದ್ದಿದ್ದು ಕೀಬೋರ್ಡಿನಲ್ಲಿ.

ಅಗ್ಗದ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ, ಅಡ್ಡ ಸಾಲು, ಉದ್ದ ಸಾಲು ಹೆಣೆದ ಬಲೆ ಇರುತ್ತದೆ. ಕೆಲವು ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಯಾವುದು ಒತ್ತಿದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಮೂರನೆಯದನ್ನು ಬಿಟ್ಟುಬಿಡುತ್ತದೆ. ಇಂಥ ಆಟ ಕೊಳ್ಳುವ ಮೊದಲು ನೀವೂ ನೋಡಿಕೊಳ್ಳಿ: ನೋಟ್‌ಪ್ಯಾಡ್ ತೆರೆದು, ಮೇಲಿನ ಬಾಣ ಮತ್ತು ಎಡ ಬಾಣ ಎರಡನ್ನೂ ಒತ್ತಿ ಹಿಡಿದು, ಝಡ್ ಒತ್ತಿ. ಅಕ್ಷರ ಮೂಡದಿದ್ದರೆ ನಿಮಗೂ ಇದೇ ಪಾಡು. ಶಿವಮೊಗ್ಗಕ್ಕೆ ಹೋದಾಗ ನೆಹರೂ ರಸ್ತೆಯಲ್ಲಿ ಗೇಮ್‌ಪ್ಯಾಡ್ (ಕೀಬೋರ್ಡ್ ಬದಲು ಎರಡೂ ಕೈಯಲ್ಲಿ ಹಿಡಿದು ಆಡುವ ಸಾಧನ) ವಿಚಾರಿಸಿದೆ. ಆ ದುಡ್ಡಿಗೆ ಇನ್ನೆರಡು ಆಟ ಬರುತ್ತದಲ್ವಾ ಅನ್ನಿಸಿ ಬರಿಗೈಲಿ ಬಂದೆ.

ಇನ್ನೊಂದು ವಿಷಯ, ಮುಂಚೆ ತಿಳಿಯುವುದು ಬೇಡ ಅನ್ನುವವರು ಈ ಸಾಲುಗಳನ್ನು ಬಿಟ್ಟುಬಿಡಿ. ಝೀರೋರೇಂಜರ್ ಕೊನೆಗೆ ನಿಮ್ಮ ಸೇವ್ ಫೈಲನ್ನೇ, ಅಂದರೆ ಅಲ್ಲಿಯವರೆಗೆ ಆಡಿದ್ದರ ದಾಖಲೆಯನ್ನೇ, ಪಣಕ್ಕಿಡಲು ಕೇಳುತ್ತದೆ. ಸೋತರೆ ಎಲ್ಲ ಅಳಿಸಿಹೋಗುತ್ತದೆ. ತುಂಬ ಧೈರ್ಯದ ಯೋಚನೆ, ನನಗೆ ಇಷ್ಟವೂ ಆಯಿತು. ಆದರೆ ಎಡಕ್ಕೆ ಹೋದರೆ ಕೈಕೊಡುವ ಕೀಬೋರ್ಡ್ ನಂಬಿಕೊಂಡು ಅಂಥ ಪಣ ಕಟ್ಟಲು ಮನಸ್ಸು ಬರಲಿಲ್ಲ. ಗೇಮ್‌ಪ್ಯಾಡ್ ಇರುವವರು ಕಣ್ಣುಮುಚ್ಚಿ ತಗೊಳ್ಳಿ.

ಜೇಮ್ಸ್‌ಟೌನ್ 2011ರದ್ದು. 17ನೇ ಶತಮಾನದ ಇಂಗ್ಲಿಷರು ಮಂಗಳ ಗ್ರಹದಲ್ಲಿ ವಸಾಹತು ಕಟ್ಟಿರುತ್ತಾರೆ, ಅಲ್ಲಿ ಸ್ಪೇನಿನವರ ಜೊತೆ ಯುದ್ಧ. ಒಂದೇ ಪರದೆಯಲ್ಲಿ ನಾಲ್ಕು ಜನ ಆಡಬಹುದು. ರಜೆಗೆ ಬಂದಿದ್ದ ಅಕ್ಕನ ಮಗನಿಗೆ ಮೌಸ್ ಕೊಟ್ಟು ನಾನು ಕೀಬೋರ್ಡ್ ಹಿಡಿದೆ. ಒಬ್ಬರು ಉಳಿದಿದ್ದರೂ ಸತ್ತವರು ಮತ್ತೆ ಬರಬಹುದು. "ಮಾವ, ನೀನು ಸಾಯ್ಬೇಡ, ನಾನು ಬರ್ತೀನಿ!" ಅಂತ ಅವನು ಕೂಗುತ್ತಿದ್ದದ್ದು ಹಂಚಿನ ಮೇಲೆ ಬೀಳುವ ಮಳೆ ಸದ್ದನ್ನೂ ಮೀರಿ ಅಡುಗೆಮನೆಗೆ ಕೇಳುತ್ತಿತ್ತು. ಆದರೆ ಸುಲಭದ ಮಟ್ಟದಲ್ಲೇ ಆಡಿಕೊಂಡು ಕೊನೆ ಮುಟ್ಟಲು ಆಗುವುದಿಲ್ಲ, ಹಳೇ ಹಂತಗಳನ್ನೇ ಕಷ್ಟದ ಮಟ್ಟದಲ್ಲಿ ಮತ್ತೆ ಗೆಲ್ಲಬೇಕು. ಅವನು ಊರಿಗೆ ಹೋದಮೇಲೆ ನಾನೊಬ್ಬನೇ ತೆರೆದಿಲ್ಲ.

ಇನ್ನು ನೋವಾ ಡ್ರಿಫ್ಟ್. 2019ರಲ್ಲಿ ಅರ್ಧ ತಯಾರಾದಾಗಲೇ ಮಾರಾಟಕ್ಕೆ ಬಂದು, 2024ರಲ್ಲಿ ಪೂರ್ತಿಯಾಯಿತು. ಬಾಹ್ಯಾಕಾಶದ ಕಲ್ಲುಗಳನ್ನು ಗುಂಡಿಟ್ಟು ಒಡೆಯುವ ಹಳೇ ಆಟ ಆಸ್ಟರಾಯ್ಡ್ಸ್ ಥರವೇ, ಪರದೆಯ ಒಂದು ಕಡೆ ಹೊರಗೆ ಹೋದರೆ ಇನ್ನೊಂದು ಕಡೆಯಿಂದ ಒಳಗೆ. ಮೌಸ್ ತೋರಿಸಿದ ಕಡೆ ನೌಕೆ ತಿರುಗುತ್ತದೆ, ಕೀಬೋರ್ಡಿನ ಹಂಗೇ ಇಲ್ಲ. ಆದರೆ ತಿರುಗಿದ ತಕ್ಷಣ ಆ ಕಡೆ ಹೋಗುವುದಿಲ್ಲ, ಮೊದಲಿನ ವೇಗದಲ್ಲೇ ಜಾರುತ್ತಿರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಡಿಕೆ ದಬ್ಬೆ ಬಿಟ್ಟು ಕಾಲಿಟ್ಟವರಿಗೆ ಆ ಜಾರು ಗೊತ್ತು. ಮೊದಲ ಮೂರು ದಿನ ಹೋಗಿ ಕಲ್ಲಿಗೇ ಡಿಕ್ಕಿ ಹೊಡೆದೆ. ಆಮೇಲೆ ಜಾರುತ್ತಲೇ ಹಿಂದಕ್ಕೆ ತಿರುಗಿ ಗುಂಡು ಹಾರಿಸುವುದು ಕೈಗೆ ಹತ್ತಿತು. ಆ ಖುಷಿ ಉಳಿದೆರಡರಲ್ಲಿ ಸಿಗಲಿಲ್ಲ.

ಆಯುಧ, ನೌಕೆ, ಗುರಾಣಿ ಆರಿಸಿಕೊಂಡು ಹೊರಟರೆ ಪ್ರತಿ ಮಟ್ಟಕ್ಕೂ ಹೊಸದೇನಾದರೂ ಸೇರಿಸಿಕೊಳ್ಳಬಹುದು. ಒಂದು ದಿನ ಆಡಿದ ಹಾಗೆ ಇನ್ನೊಂದು ದಿನ ಆಡುವುದಿಲ್ಲ. ಈ ವಾರ ನಾನು ಗುಂಡನ್ನೇ ನೆಚ್ಚಿಕೊಳ್ಳದೆ ಡ್ರೋನ್‌ಗಳನ್ನೇ ಬೆಳೆಸುತ್ತಿದ್ದೇನೆ.