ಗಂಟಲಿನ ಗಡ್ಡೆಯ ಪರೀಕ್ಷೆ: ಬಿಲ್ಲಿನಲ್ಲಿತ್ತು, ವರದಿಯಲ್ಲಿರಲಿಲ್ಲ

ನಾವು ಕಾಸರಗೋಡಿನ ಬದಿಯಡ್ಕದ ಕಡೆಯವರು. ಅಂಗಳದಲ್ಲಿ ನಿಂತು ಕರೆದರೆ ತೋಟದ ಕೆಳಗಿನ ತೋಡಿನವರೆಗೂ ಕೇಳುತ್ತಿದ್ದ ನನ್ನ ಅಪ್ಪನ ದನಿ ಕಳೆದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಒಡೆಯತೊಡಗಿತು. ಮೊದಲು ಶೀತವೆಂದರು, ಆಮೇಲೆ ಗ್ಯಾಸ್ಟ್ರಿಕ್ ಎಂದರು, ಎರಡೂವರೆ ತಿಂಗಳು ಮಾತ್ರೆಯಲ್ಲಿಯೇ ಕಳೆಯಿತು. ಮೂರು ವಾರ ಮೀರಿದರೂ ದನಿ ಸರಿಯಾಗದಿದ್ದರೆ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿಸಬೇಕೆಂದು ನನಗೆ ಗೊತ್ತಿರಲಿಲ್ಲ; ಗೊತ್ತಿದ್ದವರು ಹೇಳಲಿಲ್ಲ.

ಕೊನೆಗೆ ತಲಪಾಡಿಯ ಗಡಿ ದಾಟಿ ಕರ್ನಾಟಕದ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದೆವು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಕಂಡಿತು, ತುಂಡು ತೆಗೆದು ಪರೀಕ್ಷೆಗೆ ಕಳುಹಿಸಿದರು. ಪ್ಲಾಸ್ಮಾ ಕೋಶಗಳು (ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ಕೋಶಗಳು) ಹೇರಳವಾಗಿರುವ ಉರಿಯೂತ ಎಂದು ವರದಿ ಬಂತು. "ಏನೂ ಇಲ್ಲ, ನಿಶ್ಚಿಂತೆಯಿಂದ ಇರಿ" ಎಂದರು. ನಾನು ನೆಂಟರಿಗೆಲ್ಲ ಫೋನ್ ಮಾಡಿ ಏನೂ ಇಲ್ಲವಂತೆ ಎಂದೆ, ಮಧೂರಿಗೆ ಹೋಗಿ ಹರಕೆಯನ್ನೂ ಸಲ್ಲಿಸಿ ಬಂದೆವು.

ನಾಲ್ಕು ತಿಂಗಳಲ್ಲಿ ಅಪ್ಪನಿಗೆ ಉಸಿರೆಳೆಯುವಾಗ ಸದ್ದು ಬರತೊಡಗಿತು. ಅದೇ ಆಸ್ಪತ್ರೆಯವರು ಈಗ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಂದೇ ಮುಂಗಡ ಕಟ್ಟಿ ಎಂದರು. ಕಟ್ಟಿದೆ. ಓದಿ ನೋಡದೆ ಸಹಿಯನ್ನೂ ಹಾಕಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಭಾವ ಹಟ ಹಿಡಿದು ಇನ್ನೊಬ್ಬ ವೈದ್ಯರಲ್ಲಿಗೆ ಕರೆದೊಯ್ದರು. ಅವರು ವರದಿಯನ್ನು ಎರಡು ಸಲ ತಿರುವಿ, "ಇದರ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಲ್ಲಿ?" ಎಂದು ಕೇಳಿದರು. ತೆಗೆದ ತುಂಡಿಗೆ ವಿಶೇಷ ಬಣ್ಣ ಹಚ್ಚಿ ಕೋಶಗಳು ಯಾವ ಬಗೆಯವೆಂದು ತಿಳಿಯುವ ಪರೀಕ್ಷೆಯಂತೆ ಅದು. ಉರಿಯೂತವಾದರೆ ಪ್ಲಾಸ್ಮಾ ಕೋಶಗಳಲ್ಲಿ ಕಪ್ಪಾ ಎಂಬ ಪ್ರೋಟೀನು ತಯಾರಿಸುವವು, ಲ್ಯಾಂಬ್ಡಾ ಎಂಬುದನ್ನು ತಯಾರಿಸುವವು ಎರಡು ಬಗೆಯವೂ ಬೆರೆತಿರುತ್ತವೆ, ಕ್ಯಾನ್ಸರ್ ಗಡ್ಡೆಯಾದರೆ ಒಂದೇ ಬಗೆಯವು ತುಂಬಿರುತ್ತವೆ, ಅದನ್ನು ನೋಡದೆ ಉರಿಯೂತವೆಂದು ಬರೆಯುವುದು ಹೇಗೆ ಎಂದರು. ನಾನು ಚೀಲದಿಂದ ಹಳೆಯ ಬಿಲ್ಲು ತೆಗೆದೆ. ಹನ್ನೊಂದನೆಯ ಸಾಲಿನಲ್ಲಿ ಅದೇ ಪರೀಕ್ಷೆಯ ಹೆಸರಿತ್ತು, ಎದುರಿಗೆ ಹಣವೂ ಇತ್ತು. ಮಾಡದ ಪರೀಕ್ಷೆಗೆ ನಾನು ಹಣ ಕೊಟ್ಟಿದ್ದೆ!

ಕೇಳಲು ಹೋದರೆ ಕೌಂಟರಿನವರು, "ಅದು ಪ್ಯಾಕೇಜಿನಲ್ಲಿ ಬರುತ್ತದೆ ಅಕ್ಕ" ಎಂದರು. ವರದಿ ಕೊಡಿ ಎಂದೆ. "ಡಾಕ್ಟರ್ ಬೇಡವೆಂದಿರಬೇಕು." ಹಾಗಾದರೆ ಹಣ? "ನೀವು ಕೇರಳದವರಲ್ಲವೇ, ನಿಮಗೆ ಇಲ್ಲಿಯ ಪದ್ಧತಿ ತಿಳಿಯದು." ಕಾಸರಗೋಡಿನಿಂದ ಹೋದವರು ಕನ್ನಡದಲ್ಲಿಯೇ ಕೇಳಿದರೂ ಈ ಮಾತು ಕೇಳಬೇಕೇ? ಅಪ್ಪನ ಗಂಟಲಿನ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೊಡಲು ಮೂರು ಸಲ ಅಲೆಸಿದರು.

ಆ ಬ್ಲಾಕಿನಲ್ಲಿಯೇ ಉತ್ತರವಿತ್ತು. ಸಿಡಿ 138 (ಪ್ಲಾಸ್ಮಾ ಕೋಶಗಳ ಗುರುತು) ಪಾಸಿಟಿವ್, ಕಪ್ಪಾ ಒಂದೇ ಬಗೆ: ಧ್ವನಿಪೆಟ್ಟಿಗೆಯ ಪ್ಲಾಸ್ಮಸೈಟೋಮಾ, ಅಂದರೆ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಗಡ್ಡೆ. ಮೂಗು, ಗಂಟಲುಗಳಲ್ಲಿ ಬರುವ ಈ ಗಡ್ಡೆ ಧ್ವನಿಪೆಟ್ಟಿಗೆಯಲ್ಲಿ ಬಹಳ ಅಪರೂಪವಂತೆ. ದೇಹದ ಬೇರೆಡೆ ಮಲ್ಟಿಪಲ್ ಮೈಲೋಮಾ (ಅದೇ ಕೋಶಗಳು ಮೂಳೆಮಜ್ಜೆಯಲ್ಲಿ ಹರಡುವ ಕ್ಯಾನ್ಸರ್) ಇದೆಯೇ ಎಂದು ತಿಳಿಯಲು ಮೂಳೆಮಜ್ಜೆ, ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೋಫೊರೆಸಿಸ್, ಮೂತ್ರ, ಪೆಟ್ ಸ್ಕ್ಯಾನ್ ಎಲ್ಲವನ್ನೂ ನೋಡಿದರು, ಎಲ್ಲಿಯೂ ಇರಲಿಲ್ಲ. ಈ ಗಡ್ಡೆ ವಿಕಿರಣಕ್ಕೆ ಚೆನ್ನಾಗಿ ಕರಗುತ್ತದೆ, ಸಾಮಾನ್ಯವಾಗಿ 40ರಿಂದ 50 ಗ್ರೇ (ವಿಕಿರಣದ ಅಳತೆ) ಸಾಕು ಎಂದರು. ವಾರಕ್ಕೆ 5 ದಿನದಂತೆ 25 ಸಲ ಕೊಟ್ಟರು. ಧ್ವನಿಪೆಟ್ಟಿಗೆ ಉಳಿಯಿತು. ಅದನ್ನು ಕತ್ತರಿಸಲು ನಾನು ಸಹಿ ಹಾಕಿದ್ದೆ!

ದಯವಿಟ್ಟು ಬಿಲ್ಲನ್ನೂ ವರದಿಯನ್ನೂ ಸಾಲುಸಾಲಾಗಿ ಹೋಲಿಸಿ ನೋಡಿ. ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ಧ್ವನಿಪೆಟ್ಟಿಗೆ ತೆಗೆಯುವ ಮಾತು ಬಂದರೆ ಇನ್ನೊಬ್ಬ ವೈದ್ಯರಿಗೆ ತೋರಿಸದೆ ಒಪ್ಪಬೇಡಿ.

ಮುಂದೆ ಮೈಲೋಮಾ ಬರಬಹುದಾದ್ದರಿಂದ ಅಪ್ಪನಿಗೆ ರಕ್ತಪರೀಕ್ಷೆ ತಪ್ಪುವಂತಿಲ್ಲ. ದನಿ ಇನ್ನೂ ತೋಡಿನವರೆಗೆ ಹೋಗುವುದಿಲ್ಲ, ಹಟ್ಟಿಯವರೆಗೆ ಕೇಳುತ್ತದೆ. ಮುಂಗಡದ ಹಣವನ್ನು ಆಸ್ಪತ್ರೆಯವರು ಇನ್ನೂ ಹಿಂದಿರುಗಿಸಿಲ್ಲ.